ಮೂಗಿಲ್ಲದ ಹಡಗಿನಮ್ಮ

ಪ್ರೀತಿಯ ಅಣ್ಣ,

ಫೋನಿನಲ್ಲಿ ಹೇಳಿದರೆ ನೀನು ಮಾತು ಬೇರೆ ಕಡೆ ತಿರುಗಿಸುತ್ತೀಯ, ಅದಕ್ಕೇ ಈ ಕಾರ್ಡು. ಅಕ್ಷರ ಸಣ್ಣದಾಗಿದೆ, ಅತ್ತಿಗೆಯ ಕನ್ನಡಕ ಹಾಕಿಕೊಂಡು ಓದು.

ಇಲ್ಲಿ ಜೆಬೆಲ್ ಅಲಿ ಬಂದರಿನ ನಮ್ಮ ವರ್ಕ್‌ಶಾಪಿನಲ್ಲಿ ಡೆನ್ಮಾರ್ಕಿನ ಹಳೆಯ ಯುದ್ಧದ ಹಡಗೊಂದರ ಮಾದರಿ ತಯಾರಾಗುತ್ತಿದೆ. ಹಾಯಿಯ ಹಡಗು. ಅದರ ಮೂತಿಗೆ ಕೂರಿಸುವ ಮರದ ಹೆಂಗಸನ್ನು ಕೆತ್ತುವ ಕೆಲಸ ನನಗೆ ಬಂತು. ನೀನು ಕಲಿಸಿದ ಹಾಗೆ ಎಳ್ಳಿನ ಹೂವಿನಂಥ ಮೂಗು ಕೆತ್ತಿದೆ. ಮಾದರಿ ಮಾಡಿಸುತ್ತಿರುವ ಡೆನ್ಮಾರ್ಕಿನ ಮುದುಕ ಅದನ್ನು ನೋಡಿ ಬೇಡವೇ ಬೇಡ ಎಂದ. ಯುದ್ಧದಲ್ಲಿ ಇಂಗ್ಲಿಷರ ಗುಂಡು ಬಡಿದು ನಿಜವಾದ ಹಡಗಿನ ಹೆಂಗಸಿನ ಮೂಗು ಹಾರಿಹೋಗಿತ್ತಂತೆ. ಬೇರೆ ಹೆಂಗಸನ್ನು ಕೂರಿಸಲು ನಾವಿಕರು ಒಪ್ಪಲಿಲ್ಲವಂತೆ. ಅದೇ ಮುಖವನ್ನು ಮುಂದಿಟ್ಟುಕೊಂಡು ಇನ್ನೂ ಮೂವತ್ತು ವರ್ಷ ಸಮುದ್ರ ಸುತ್ತಿದರಂತೆ.

ನಮ್ಮಲ್ಲಿ ಭಿನ್ನವಾದ ಮೂರ್ತಿಯನ್ನು ಹೊಳೆಗೆ ಬಿಡುತ್ತೇವೆ ಎಂದೆ.

"ಇದೆಂತ ದೇವಸ್ಥಾನದ ಮೂರ್ತಿಯಾ ಮಾರಾಯ್ತಿ? ಯಲ್ಲಾ, ಬೇಗ ಮೂಗು ತೆಗಿ!" ಎಂದರು ಉಡುಪಿಯ ಫೋರ್‌ಮನ್ ಶಾಮಸುಂದರಣ್ಣ.

ಮನಸ್ಸು ಗಟ್ಟಿ ಮಾಡಿ ಉಳಿಯಿಟ್ಟು ಒಂದೇ ಏಟು ಹಾಕಿದೆ. ನಂಬಿದರೆ ನಂಬು, ಮೂಗು ಹೋದ ಮೇಲೆಯೇ ಅವಳ ಮುಖಕ್ಕೆ ಕಳೆ ಬಂದಿದೆ.

ನನ್ನ ಕೆಮ್ಮು ವಾಸಿಯಾಗಿದೆ. ಊಟಕ್ಕೆ ತೊಂದರೆಯಿಲ್ಲ. ಕಂಪನಿ ಬಸ್ಸು ಬರುವ ಹೊತ್ತಾಯಿತು.

ಗರಗಸಕ್ಕೆ ಸಿಕ್ಕಿ ಬೆರಳು ಹೋದ ಮೇಲೆ ನೀನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ ಉಳಿಗಳಿಗೆ ತುಕ್ಕು ಹಿಡಿದೀತು. ಕೆಳಗಿಳಿಸಿ ಎಣ್ಣೆ ಹಚ್ಚು. ಏಣಿಯನ್ನು ಅತ್ತಿಗೆ ಹಿಡಿದುಕೊಳ್ಳಲಿ. ಇಳಿಸಿದ ಮೇಲೆ ಮತ್ತೆ ಅಟ್ಟಕ್ಕೆ ಹಾಕಬೇಡ.

ನಿನ್ನ ತಂಗಿ,
ಮಂದಾಕಿನಿ