ಅಬ್ಬಾ ಹೊಗಳಿದ ಶ್ರೀಗಂಧ

ಕನೌಜ್
ಫೆಬ್ರವರಿ ೧೧

ಪ್ರೀತಿಯ ರಫತ್ ಆಪಾಗೆ ತಂಗಿ ನುಜ್ಹತಳ ಸಲಾಮು.

ನಿನ್ನ ಮಗಳು ಶಗುಫ್ತಾಳ ನಿಕಾಹ್‌ಗೆ ಬರುವ ಬೀಗರಿಗೆ ಕೊಡಲು ನಮ್ಮ ಹೊಸ ಶ್ರೀಗಂಧದ ಅತ್ತರು ಆರು ಸೀಸೆ ಕಳಿಸು ಎಂದು ಬರೆದಿದ್ದೀಯ. ಕಳಿಸುವುದಿಲ್ಲ. ಮಗಳ ಮದುವೆಗೆ ಇಷ್ಟೂ ಮಾಡಲಿಲ್ಲ ಎಂದು ಮುನಿಸಿಕೊಳ್ಳುವ ಮೊದಲು ನಡೆದದ್ದನ್ನು ಓದು.

ನಮ್ಮ ತಮ್ಮ ತೌಕೀರ್ ಭಟ್ಟಿ ಇಳಿಸಲು ಗಂಧದ ಚಕ್ಕೆ ತರಿಸುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಈಗ ನೀಲಿ ಡ್ರಮ್ಮುಗಳು ಬರುತ್ತವೆ. ಅವುಗಳಲ್ಲಿರುವುದು ಗಂಧದ ಮರವನ್ನೇ ಕಾಣದ ಎಣ್ಣೆ. ಮೂಸಿದರೆ ಮೊದಲು ಸಿಹಿ, ಆಮೇಲೆ ಹೊಸ ಪ್ಲಾಸ್ಟಿಕ್ ಚಪ್ಪಲಿಯ ವಾಸನೆ, ಕೊನೆಗೆ ಗಂಟಲಲ್ಲಿ ಕೂತು ಏಳದ ಜಿಡ್ಡು. ಅದನ್ನು ದಪ್ಪ ಗಾಜಿನ ಸೀಸೆಗೆ ತುಂಬಿ, ಚಿನ್ನದ ಬಣ್ಣದ ಮುಚ್ಚಳ ಹಾಕಿ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಮೇಲೆ ‘ಅಪ್ಪಟ ಶ್ರೀಗಂಧ’ ಎಂದು ಬರೆದಿದೆ.

ದಿಲ್ಲಿಯ ದೊಡ್ಡ ಹೋಟೆಲಿನಲ್ಲಿ ಅದರ ಬಿಡುಗಡೆ. ನಮ್ಮ ಅಬ್ಬಾ ಬರಲೇಬೇಕೆಂದು ತೌಕೀರ್ ಹಟ ಹಿಡಿದ. ನಾನೂ ಹೊರಟೆ. ಒಳಗೊಂದು ಕೆಟ್ಟ ಆಸೆಯಿತ್ತು, ಆಪಾ. ಕಾರ್ಖಾನೆಗೆ ಹೋಗುವುದನ್ನು ಬಿಟ್ಟಿದ್ದ ಅಬ್ಬಾ ಅದನ್ನು ಅಲ್ಲಿಯವರೆಗೆ ಮೂಸಿರಲಿಲ್ಲ. ಹೊಗೆ ಹತ್ತಿದ ಗುಲಾಬಿ ಅತ್ತರನ್ನು ಅವರು ಗಿರಾಕಿಯ ಎದುರೇ ಚರಂಡಿಗೆ ಸುರಿದದ್ದನ್ನು ನೀನೂ ನೋಡಿದವಳು. ಅಂಥವರು ಇದನ್ನು ಮೂಸಿದರೆ ಏನಾದೀತೆಂದು ನೋಡಲೆಂದೇ ಹೋದೆ.

ಅತ್ತರು ಇಳಿಸುತ್ತಿದ್ದ ನಮ್ಮ ಹಳೆಯ ತಾಮ್ರದ ಹಂಡೆಯನ್ನು ಫಳಫಳ ತಿಕ್ಕಿ ವೇದಿಕೆಯ ಮೇಲಿಟ್ಟಿದ್ದರು. ಕೆಳಗೆ ಒಲೆಯಿಲ್ಲ, ಬಾಯಿಂದ ಮಾತ್ರ ಯಂತ್ರದ ಹೊಗೆ ಏಳುತ್ತಿತ್ತು. ತೌಕೀರ್ ಅಬ್ಬಾರ ಮುಂಗೈಗೆ ಒಂದು ಹನಿ ಹಚ್ಚಿದ. ಅವರು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಆಮೇಲೆ ಮೈಕು ಹಿಡಿದರು.

“ಒಳ್ಳೇ ಗಂಧಕ್ಕೆ ಅವಸರ ಇರಲ್ಲ. ಹಚ್ಕೊಂಡಾಗ ಏನೂ ಗೊತ್ತಾಗಲ್ಲ, ಮೋಸ ಹೋದ್ನೇನೋ ಅನ್ಸುತ್ತೆ. ಮೈ ಕಾವು ತಾಗಿದ ಮೇಲೆ ಮೆಲ್ಲಗೆ ಏಳುತ್ತೆ, ಕಾದ ಹಾಲಿನ ಹಾಗೆ, ಎಳೆಮಗು ನೆತ್ತಿ ಹಾಗೆ. ಪಕ್ಕದಲ್ಲಿ ಕೂತವರಿಗಷ್ಟೇ ಸಿಗುತ್ತೆ, ಬೀದಿಗೆಲ್ಲ ಕೂಗಿ ಹೇಳಲ್ಲ. ಅಂಗಿ ಒಗೆದ್ರೂ ಬಿಟ್ಟು ಹೋಗಲ್ಲ. ಇದು ಅಂಥದ್ದು.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಆ ಮಾತನ್ನೇ ಈಗ ಪೆಟ್ಟಿಗೆಯೊಳಗೆ ಅಚ್ಚು ಹಾಕಿಸಿದ್ದಾರೆ.

ವಯಸ್ಸಾಯಿತು, ಮೂಗು ಹೋಗಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಊರಿಗೆ ಬರುವ ರೈಲಿನಲ್ಲಿ ಅಬ್ಬಾ ಮೂರು ಸಲ ಎದ್ದು ಹೋಗಿ ಕೈ ತೊಳೆದರು. ಮೂರನೆಯ ಸಲ ಬಂದಾಗ ಮುಂಗೈಯ ಚರ್ಮ ಕೆಂಪಾಗಿತ್ತು. ಕೇಳಿಯೇಬಿಟ್ಟೆ.

“ನಿಮಗೆ ಗೊತ್ತಾಯ್ತಾ ಅಬ್ಬಾ?”

“ಮುಚ್ಚಳ ತೆಗೆದಾಗ್ಲೇ ಗೊತ್ತಾಯ್ತು ಬಿಟಿಯಾ.”

“ಮತ್ತೆ ಅಷ್ಟೆಲ್ಲ ಹೊಗಳಿದ್ರಲ್ಲ?”

“ನಾನು ಹೊಗಳಿದ್ದು ನಮ್ಮಪ್ಪ ಇಳಿಸ್ತಿದ್ದ ಗಂಧಾನ. ಅಷ್ಟು ಜನರ ಮುಂದೆ ಮಗನ ಮರ್ಯಾದೆ ತೆಗೀಲಾ? ನಿನ್ನ ಮೂಗು ನಿನ್ನ ಹತ್ರಾನೇ ಇಟ್ಕೋ.”

ಮೂಗು ಹೋಗಿದ್ದರೇ ಚೆನ್ನಾಗಿತ್ತು. ತೌಕೀರನ ಮೇಲೆ ನನಗೆ ಅಷ್ಟು ಹೇಸಿಗೆಯಿಲ್ಲ; ಗಂಧವೆಂದರೇನೆಂದು ಅವನಿಗೆ ಎಂದೂ ತಿಳಿದಿರಲಿಲ್ಲ. ತಿಳಿದವರು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂಸಲು ಕಲಿಸಿದವರು, ತಮ್ಮಲ್ಲಿದ್ದ ಅತಿ ಚಂದದ ಮಾತನ್ನು ತೆಗೆದು ಆ ಕೊಳಕಿಗೆ ಹೊದಿಸಿಬಿಟ್ಟರು. ಈಗ ಅವರ ತಟ್ಟೆಗೆ ರೊಟ್ಟಿ ಹಾಕಿ ಒಳಗೆ ಬಂದುಬಿಡುತ್ತೇನೆ. ಜೊತೆಗೆ ಕೂತು ಉಣ್ಣುವುದಿಲ್ಲ. ಅವರೂ ಕರೆಯುವುದಿಲ್ಲ. ನಿನ್ನೆ ಬಾಗಿಲ ಮರೆಯಿಂದ ನೋಡಿದೆ: ಒಬ್ಬರೇ ಕೂತು ರೊಟ್ಟಿ ಮುರಿಯುತ್ತ, ಪ್ರತಿ ತುತ್ತಿಗೂ ಮೊದಲು ಬೆರಳು ಮೂಸುತ್ತಿದ್ದರು.

ಬೀಗರಿಗೆ ಇಲ್ಲಿಂದ ಒಳ್ಳೆಯ ಸಿಹಿ ಕಳಿಸುತ್ತೇನೆ. ಮಗಳಿಗೆ ನನ್ನ ದುವಾ ಹೇಳು.

ನಿನ್ನ
ನುಜ್ಹತ್

ತಾ.ಕ.: ಆ ಚಪ್ಪಲಿ ವಾಸನೆ ಯಾರ ಮೂಗಿಗೂ ಸಿಗದ ಹಾಗೆ ತಿದ್ದಿಕೊಡು ಎಂದು ತೌಕೀರ್ ನನ್ನನ್ನು ಕೇಳಿದ್ದಾನೆ. ಆಗುವುದಿಲ್ಲ ಎಂದು ಹೇಳಿಬಿಡಬೇಕೆಂದಿದ್ದೆ. ಸುಮ್ಮನೆ ಲಾವಂಚದ ಎರಡು ಹನಿ ಬೆರೆಸಿ ಒಂದು ಸೀಸೆ ಮಾಡಿ ನೋಡಿದೆ. ತುಂಬ ಚೆನ್ನಾಗಿ ಬಂದಿದೆ, ಆಪಾ.