ಬಿಸಿನೀರಿನ ಬಕೆಟ್ ತೆಗೆಸಿದ ಆಹಾರ ಸುರಕ್ಷತಾ ಅಧಿಕಾರಿಗಳಿಗೆ

ಮಾನ್ಯರೇ,

ಕೋಳಿಮಾಂಸದ ಕಾರ್ಖಾನೆಯಲ್ಲಿ ಕತ್ತರಿಸುವ ಮೇಜಿನ ಪಕ್ಕದಿಂದ ತಾವು ಒಂದು ಬಿಸಿನೀರಿನ ಬಕೆಟ್ ತೆಗೆಸಿದಿರಿ. ಅದರಿಂದ ನನ್ನ ಚಿಕ್ಕಮ್ಮನ ಬೆರಳಿನ ತುದಿ ಹೋಯಿತು, ಆಮೇಲೆ ಕೆಲಸ ಹೋಯಿತು, ಈ ತಿಂಗಳು ಮುಗಿದರೆ, ದುಡಿಯಲು ಹೊರಗಿನಿಂದ ಬಂದ ಅವಳಿಗೆ ಈ ದೇಶದಲ್ಲಿರಲು ಕೊಟ್ಟ ಪರವಾನಗಿಯೂ ಹೋಗುತ್ತದೆ. ತಮ್ಮ ವರದಿಯಲ್ಲಿ ಮಾತ್ರ ‘ಕಾರ್ಮಿಕ ಮಹಿಳೆಯ ನಿರ್ಲಕ್ಷ್ಯ’ ಎಂದಿದೆ. ಅದನ್ನು ಓದಿದಂದಿನಿಂದ ನನಗೆ ಊಟ ಸೇರುತ್ತಿಲ್ಲ. ತಮಗೂ ಸೇರದಿರಲಿ ಎಂದೇ ಎಲ್ಲರೂ ಓದುವ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ.

ತಾವು ಆ ಕೋಣೆಗೆ ಬಂದದ್ದು ದಪ್ಪ ಕೋಟು ಹಾಕಿಕೊಂಡು; ಪತ್ರಿಕೆಯ ಫೋಟೋದಲ್ಲಿ ನೋಡಿದ್ದೇನೆ. ಮಾಂಸ ಕೆಡಬಾರದೆಂದು ಇಡೀ ಕೋಣೆಯನ್ನೇ ಅಲ್ಲಿ ಫ್ರಿಜ್ ಮಾಡಿಟ್ಟಿದ್ದಾರೆ. ಕೋಳಿಗೇನೂ ತೊಂದರೆಯಿಲ್ಲ, ಅದು ಸತ್ತಿರುತ್ತದೆ. ಮೇಜಿನ ಸುತ್ತ ನಿಲ್ಲುವವರು ಬದುಕಿದ್ದಾರೆ ಎಂಬುದು ತಮ್ಮ ಗಮನಕ್ಕೆ ಬಂದಂತಿಲ್ಲ. ತೆಳು ಗ್ಲೌಸಿನೊಳಗೆ ಕೈ ಮರಗಟ್ಟುತ್ತದೆ. ಅದಕ್ಕೇ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ಕೈ ಹೇಳಿದ ಮಾತು ಕೇಳದಾದಾಗ ಚಾಕು ಕೆಳಗಿಟ್ಟು, ಗ್ಲೌಸ್ ಸಮೇತ ಬಕೆಟ್ಟಿನಲ್ಲಿ ಅದ್ದಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡುವುದು. ಎಲ್ಲ ಮಡಚಿದರೆ ಮತ್ತೆ ಚಾಕು ಹಿಡಿಯುವುದು. “ತಡೀರೇ, ಹಾಜರಿ ತಗೊಂಡು ಬರ್ತೀನಿ” ಅಂತ ಚಿಕ್ಕಮ್ಮ ಎಲ್ಲರನ್ನೂ ನಗಿಸುತ್ತಿದ್ದಳಂತೆ.

ಒಪ್ಪುತ್ತೇನೆ, ಅಷ್ಟು ಜನ ಕೈ ಅದ್ದಿದ ನೀರು ಕೊಳಕು. ತಿನ್ನುವವರಿಗೆ ಕಾಯಿಲೆ ಬರಬಹುದು. ತೆಗೆಸಿದ್ದು ತಪ್ಪಲ್ಲ. ಆದರೆ ಬದಲಿಗೆ ಗೋಡೆಗೊಂದು ಬಿಸಿನೀರಿನ ನಲ್ಲಿ ಹಾಕಿಸಲು ಏನು ಅಡ್ಡ ಬಂದಿತ್ತು? ಕೈ ಬೆಚ್ಚಗಾಗುವಷ್ಟು ಬಿಡುವು ಕೊಡಿ ಎಂದು ಬರೆಯಲು ತಮ್ಮ ಪೆನ್ನಿನಲ್ಲಿ ಇಂಕ್ ಇರಲಿಲ್ಲವೇ? ಬಕೆಟ್ ಹೊರಗೆ ಹೋಯಿತು, ಪತ್ರಿಕೆಯಲ್ಲಿ ‘ಸುಧಾರಣೆ’ ಬಂತು. ಕಾರ್ಖಾನೆಯ ದುಡಿಮೆಯ ಬಗ್ಗೆ ನಮಗೊಂದು ಕಾದಂಬರಿ ಪಾಠವಿದೆ. “ಇದೆಲ್ಲ ಹಳೇ ಕಾಲದ ಕಥೆ, ಈಗ ಹೀಗೇನೂ ಇಲ್ಲ” ಅಂದರು ಮೇಷ್ಟ್ರು. ಕ್ಲಾಸಿನಲ್ಲಿ ಎದ್ದು ನಿಂತರೆ ನನ್ನ ಮಾತು ತಡವರಿಸುತ್ತದೆ. ಕೂತಲ್ಲೇ ಈ ಪತ್ರ ಶುರು ಮಾಡಿದೆ. ಬರೆಯುವುದಕ್ಕೆ ಎದ್ದು ನಿಲ್ಲಬೇಕಾಗಿಲ್ಲವಲ್ಲ.

ಆ ದಿನ ಬೆರಳು ತುಂಡಾದದ್ದು ಚಿಕ್ಕಮ್ಮನಿಗೆ ಗೊತ್ತೇ ಆಗಲಿಲ್ಲ. ಮರಗಟ್ಟಿದ ಕೈಗೆ ನೋವೆಲ್ಲಿ? ಮಾಂಸದ ಮೇಲೆ ಹಸಿ ರಕ್ತ ಕಂಡು, ಅಯ್ಯೋ ಪಾಪ ಯಾರದಿದು ಅಂತ ಪಕ್ಕದವಳ ಕೈ ಹಿಡಿದು ನೋಡಿದಳಂತೆ. ತನ್ನದೇ ಎಂದು ಗೊತ್ತಾದಾಗ ಬಟ್ಟೆ ಸುತ್ತಿಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಕೋಳಿಯ ತುಂಡುಗಳೆಲ್ಲ ಓಡುವ ಬೆಲ್ಟಿನ ಮೇಲೆ ಪ್ಯಾಕಿಂಗಿಗೆ ಹೊರಟಿದ್ದವು. ಅವಳು ಕೂಗಿದಳು.

“ಬೆಲ್ಟ್ ನಿಲ್ಸಿ! ನನ್ನ ಬೆರಳು ಅದ್ರಲ್ಲಿ ಹೋಗ್ತಾ ಇದೆ!”

ಸೂಪರ್‌ವೈಸರ್ ಓಡಿಬಂದ. “ಮೆತ್ತಗೆ ಮಾತಾಡಮ್ಮ. ಕೈ ಕಟ್ಕೊಂಡು ಮನೆಗೆ ಹೋಗು, ನಾಳೆ ಬಾ.”

“ಯಾರ ಮನೆ ಮಗುನೋ ತಿನ್ನುತ್ತೆ ಸಾರ್. ಸಿಗೋವರೆಗೂ ನಾನು ಇಲ್ಲಿಂದ ಕದಲಲ್ಲ.”

ಹುಡುಕಿದರು, ಸಿಕ್ಕಿತು. ಆ ಸರಕನ್ನೆಲ್ಲ ಎಸೆದರು. ಮಾನ್ಯರೇ, ಅಂದು ತಮ್ಮ ಕೆಲಸ ಮಾಡಿದವಳು ಅವಳು. ಅದಕ್ಕೆ ಸಿಕ್ಕ ಬಹುಮಾನ, ‘ಆಹಾರ ಕಲುಷಿತಗೊಳಿಸಿದ’ ಆರೋಪ ಮತ್ತು ಗೇಟಿನಾಚೆಯ ದಾರಿ. ಕೆಲಸವಿಲ್ಲದ ಹೊರಗಿನವರಿಗೆ ಇಲ್ಲಿ ಜಾಗವಿಲ್ಲ. ಕೋಳಿ ಕತ್ತರಿಸಲು ಬೇಕು, ಬೆರಳು ಕತ್ತರಿಸಿಕೊಂಡರೆ ಬೇಡ!

ಅವಳ ದುಡಿಮೆಯಲ್ಲೇ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. “ಬರೀಬೇಡ ಕಣೇ, ದೊಡ್ಡೋರ ಸಹವಾಸ ನಮಗ್ಯಾಕೆ? ನಿನ್ನ ಓದಿಗೆ ಕಲ್ಲು ಬೀಳುತ್ತೆ” ಅಂತ ಫೋನಿನಲ್ಲಿ ಅತ್ತಳು. “ಆ ಅಧಿಕಾರಿಗೂ ಹೆಂಡ್ತಿ ಮಕ್ಕಳಿರ್ತಾರೆ, ಪಾಪ” ಅಂತ ಬೇರೆ ಸೇರಿಸಿದಳು. ಆ ‘ಪಾಪ’ ನನ್ನ ಬಾಯಲ್ಲಿ ಬರುವುದಿಲ್ಲ. ತಮ್ಮ ಹೆಸರು ಕೆಡಲಿ, ತಮ್ಮ ಮಕ್ಕಳು ಈ ಪತ್ರ ಓದಿ ತಮ್ಮನ್ನೇ ಪ್ರಶ್ನೆ ಕೇಳಲಿ ಎಂದೇ ನನ್ನ ಆಸೆ.

ನನ್ನ ಬೇಡಿಕೆ ಇಷ್ಟು. ತಿಂಗಳು ಮುಗಿಯುವುದರೊಳಗೆ ಆ ಕೋಣೆಗೆ ಹೋಗಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಪಾಳಿ ಪೂರ್ತಿ ನಿಲ್ಲಿ. ಮುಗಿದ ಕೂಡಲೇ, ಅದೇ ಕೈಯಲ್ಲಿ, ನಿರ್ಲಕ್ಷ್ಯ ಯಾರದೆಂದು ಹೊಸದಾಗಿ ವರದಿ ಬರೆದು ಪರವಾನಗಿ ಕಚೇರಿಗೆ ಕಳಿಸಿ. ಅಕ್ಷರ ಸೊಟ್ಟಗಾದರೆ ಆಗಲಿ, ನಾವು ಓದಿಕೊಳ್ಳುತ್ತೇವೆ.

ಇಂತಿ,
ತಮ್ಮ ಉತ್ತರಕ್ಕೆ ಹೆದರುವ, ಉತ್ತರ ಬಾರದಿದ್ದರೆ ಇನ್ನೂ ಹೆದರುವ,
ಅವಳ ಅಕ್ಕನ ಮಗಳು, ಕಾಲೇಜಿನ ಮೊದಲ ವರ್ಷ