ಸೀಟಿಗೆ ಕಿವಿಗೊಡದ ನಾಯಿ

ಗಾಳಿಕೇರಿ, ಕಪ್ಪತಗುಡ್ಡದ ಬುಡ
ಇಸವಿ ಎರಡು ಸಾವಿರದ ಮುನ್ನೂರ ತೊಂಬತ್ತು, ಹದಿಮೂರನೇ ತಿಂಗಳ ಮೂವತ್ತಾರು

ನಮಗಿಂತ ಮೊದಲು ಈ ನೆಲದ ಮೇಲೆ ನಡೆದಾಡಿದ ಹಿರಿಯರಿಗೆ ಹುಲಿಗೆವ್ವನ ಶರಣು.

ಮೇಲಿನ ತಾರೀಕು ನೋಡಿ ನಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ಅದಕ್ಕೊಂದು ಬೇರೆ ತಿಂಗಳನ್ನೇ ಕಟ್ಟಿಕೊಟ್ಟರು. ನಿಮ್ಮ ಕಾಲದ ಬರಹ ಓದಿ ಓದಿ ಇಷ್ಟು ಕನ್ನಡ ಹೊಂದಿಸಿಕೊಂಡಿದ್ದೇನೆ. ನಡುವೆ ನಮ್ಮ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ನುಸುಳಿದರೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅದು ಬೇಕೆಂದೇ ಬರೆದದ್ದು.

ನಮ್ಮ ಊರು ನೀವು ನೆಟ್ಟು ಬಿಟ್ಟುಹೋದ ಗಾಳಿಯಂತ್ರಗಳ ನಡುವೆ ಇದೆ. ರೆಕ್ಕೆ ಮುರಿದ ಆ ಕಂಬಗಳಿಗೆ ಆಡು ಕಟ್ಟುತ್ತೇವೆ. ಕಾಳನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ ಇಡುತ್ತೇವೆ. ಬಿತ್ತನೆಯ ಜೋಳವೇ ನಮ್ಮ ಬಂಗಾರ. ಅದನ್ನು ದೋಚಲು ಗುಡ್ಡದಾಚೆಯಿಂದ ಬರುವವರಿಗೆ ಬೀಜಗಳ್ಳರು ಎನ್ನುತ್ತೇವೆ. ಅವರಿಗೆ ಹೆದರಿ ಊರಿನವರು ಮನೆಗೊಂದು ಅಚ್ಚುನಾಯಿ ತಂದರು. ಅಚ್ಚುನಾಯಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಗಾಜಿನ ಗಡಿಗೆಯಲ್ಲಿ ಒಂದೇ ಬೀಜದಿಂದ ಬೆಳೆಸಿದ್ದು. ಎಲ್ಲಕ್ಕೂ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಹಲ್ಲು. ನಿಮ್ಮ ಕಾಲದಲ್ಲಿ ತಳಿ ನೋಡಿ, ಮೂತಿ ನೋಡಿ ಮರಿ ಕೊಳ್ಳುತ್ತೀರಂತಲ್ಲ, ಆ ಚಟವೇ ಬೆಳೆದು ಬೆಳೆದು ಗಡಿಗೆಗೆ ಬಂದು ನಿಂತಿತು. ಬೀದಿಯದು, ಕುಂಟು, ಮುದಿ ಎಂದು ಬೇಡವಾದವನ್ನೆಲ್ಲ ಊರ ಹೊರಗಿನ ಆಸರೆಕೊಟ್ಟಿಗೆಗೆ ತಳ್ಳಿದ್ದರು. ನಿಮ್ಮಲ್ಲೂ ಅಂಥ ಆಸರೆಮನೆಗಳಿವೆ ಎಂದು ಬಲ್ಲೆ.

ನನ್ನ ಗಂಡ ಫಕೀರಪ್ಪ ಅಚ್ಚುನಾಯಿ ತಂದ ಮರುವಾರವೇ ನಾನು ಹಟಕ್ಕೆ ಬಿದ್ದು ಆಸರೆಕೊಟ್ಟಿಗೆಯಿಂದ ಮೋಟಿಯನ್ನು ತಂದೆ. ನಾಯಿ ಬಾಲ ಡೊಂಕು ಎನ್ನುತ್ತೀರಿ, ಇದಕ್ಕೆ ಬಾಲವೇ ಇರಲಿಲ್ಲ. ಯಾರೋ ಕಡಿದಿದ್ದರು. ಮಗಳು ಸಾಂತವ್ವ ಆಗಿನ್ನೂ ಅಂಬೆಗಾಲಿಡುವ ಕೂಸು. "ಕೂಸಿರೋ ಮನ್ಯಾಗ ಈ ಹುಣ್ಣಿನ ನಾಯಿ ಯಾಕ ತಂದಿ? ಮಂದಿ ನಗ್ತಾರ" ಎಂದು ಅತ್ತೆ ಬೈದರು. "ನಗವರಿಗೆ ರೊಟ್ಟಿ ಹಾಕೂದು ಬ್ಯಾಡ್ರಿ, ಇದಕ್ಕ ಹಾಕೂಣು" ಎಂದೆ. ಮೋಟಿ ಎಷ್ಟೋ ದಿನ ಒಲೆಯ ಹಿಂದೆಯೇ ಅಡಗಿತ್ತು. ರೊಟ್ಟಿ ಎಸೆದರೆ ಕಲ್ಲೆಂದು ಬೆದರುತ್ತಿತ್ತು. ಒಂದು ಮಧ್ಯಾಹ್ನ ಸಾಂತವ್ವ ಅದರ ಕಿವಿ ಹಿಡಿದುಕೊಂಡೇ ನಿದ್ದೆ ಹೋದಳು. ಅವಳು ಏಳುವವರೆಗೆ ಅದು ಅಲುಗಾಡಲಿಲ್ಲ. ಅವತ್ತಿನಿಂದ ಅದು ಮನೆಯದಾಯಿತು.

ಅಚ್ಚುನಾಯಿಗೆ ಒಡೆಯನ ಗುರುತಿಲ್ಲ, ಸೀಟಿಯ ಗುರುತು ಮಾತ್ರ. ಮೊದಲು ಮನೆಗೊಂದು ಬೇರೆ ಸೀಟಿ ಇತ್ತು. ಇವರ ನಾಯಿ ಅವರ ಮಾತು ಕೇಳುವುದಿಲ್ಲವೆಂದು ಓಣಿಯಲ್ಲಿ ಜಗಳ ಹೆಚ್ಚಿದಾಗ ದೈವದವರು, ಅಂದರೆ ಊರ ಹಿರಿಯರು, ಕಟ್ಟೆಗೆ ಕೂಡಿ ಇಡೀ ಊರಿಗೆ ಒಂದೇ ಸೀಟಿ ಎಂದು ತೀರ್ಮಾನಿಸಿದರು. ಉದ್ದ ಸೀಟಿಗೆ ಓಡುವುದನ್ನು ಹಿಡಿಯಬೇಕು, ಗಿಡ್ಡ ಸೀಟಿಗೆ ಬಿಡಬೇಕು. ಅಷ್ಟಕ್ಕೆ ಸುಮ್ಮನಿದ್ದರೂ ಆಗುತ್ತಿತ್ತು. ನಮ್ಮವರಿಗೆ ಮೆರೆಯುವ ಹುಚ್ಚು. ಬನ್ನಿ ಹಬ್ಬಕ್ಕೆ ಸುತ್ತಲಿನ ಊರವರನ್ನೆಲ್ಲ ಕರೆಸಿ, ಬನ್ನಿ ಕೊಟ್ಟು, ಉಣ್ಣಲಿಕ್ಕಿ, ಬಯಲಲ್ಲಿ ನಾಯಿಗಳನ್ನು ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ಓಡುವ ಟಗರನ್ನು ಸೀಳಿಸಿ ತೋರಿಸುತ್ತಿದ್ದರು. ಬೀಜಗಳ್ಳರೂ ಆ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡು, ಚಪ್ಪಾಳೆ ತಟ್ಟಿ, ಸೀಟಿ ಕಲಿತು ಹೋದರು.

ಹಬ್ಬ ಕಳೆದು ಕೆಲವೇ ದಿನ. ಹೊತ್ತೇರಿತ್ತು, ಹೆಂಗಸರು ಕುಟ್ಟುತ್ತಿದ್ದೆವು. ಗುಡ್ಡದ ಮೇಲಿಂದ ಉದ್ದ ಸೀಟಿ ಕೇಳಿತು, ನಿಲ್ಲಲೇ ಇಲ್ಲ. ಪಕ್ಕದ ಮನೆಯ ಮುದುಕಿ ನೀರಿನ ಕೊಡ ಹೊತ್ತು ಬೇಗ ಬೇಗ ಬರುತ್ತಿದ್ದಳು. ಅವಳ ನಾಯಿಯೇ ಹಾರಿ ಅವಳನ್ನು ಕೆಡವಿ ಮುಖ ಹರಿದುಹಾಕಿತು. ಕಂಡವರು ಓಡಿದರು. ಓಡಿದ್ದೇ ತಪ್ಪಾಯಿತು. ಕರುಳು ಎಳೆಯುವ ಸದ್ದು ನಾನು ಅವತ್ತೇ ಕೇಳಿದ್ದು, ಈಗಲೂ ಹಸಿ ಬಟ್ಟೆ ಹಿಂಡಿದರೆ ನೆನಪಾಗುತ್ತದೆ. ಗಿಡ್ಡದಾಗಿ ಊದಿ ಬಿಡಿಸಲು ಸೀಟಿ ತರಲೆಂದು ಮನೆಗೆ ಓಡಿದ ದೈವದ ಹಿರಿಯನ ಗಂಟಲನ್ನು ಅವನ ನಾಯಿ ಹೊಸ್ತಿಲಲ್ಲೇ ಕಿತ್ತು ಹಾಕಿತು. ಫಕೀರಪ್ಪ ಕೂಸನ್ನು ಎತ್ತಿಕೊಳ್ಳಲು ಅಂಗಳಕ್ಕೆ ಧಾವಿಸಿದ. ತಾನೇ ಹಾಲು ಹಾಕಿ ಸಾಕಿದ ನಾಯಿ ಅವನ ತೊಡೆಗೆ ಬಾಯಿ ಹಾಕಿ, ಕುತ್ತಿಗೆಗೆ ಬಂತು. ನನ್ನ ಗಂಡ ನನ್ನ ಕಣ್ಣೆದುರಿಗೇ ಸತ್ತ. ಸಾಂತವ್ವ ಅಪ್ಪನ ಕಡೆಗೆ, ಆ ರಕ್ತದ ಮಡುವಿನೊಳಗೆ ಅಂಬೆಗಾಲಿಟ್ಟು ಹೊರಟಳು. ಅಚ್ಚುನಾಯಿ ತಲೆ ಎತ್ತಿತು.

ಆಗ ಒಲೆಯ ಹಿಂದಿನಿಂದ ಮೋಟಿ ಬಂತು. ಅದಕ್ಕೆ ಸೀಟಿ ಗೊತ್ತಿರಲಿಲ್ಲ, ಕೂಸು ಗೊತ್ತಿತ್ತು. ತನ್ನ ಎರಡರಷ್ಟಿದ್ದ ನಾಯಿಯ ಗಂಟಲಿಗೆ ಜೋತುಬಿತ್ತು. ಮೋಟಿಯ ಒಂದು ಕಣ್ಣು ಹೋಯಿತು, ಪಕ್ಕೆ ಹರಿದು ಎಲುಬು ಕಂಡಿತು, ಹಿಡಿದದ್ದನ್ನು ಮಾತ್ರ ಬಿಡಲಿಲ್ಲ. ನಾನು ಒನಕೆಯಿಂದ ಅಚ್ಚುನಾಯಿಯ ತಲೆಯನ್ನು ಜಜ್ಜಿದೆ. ಅದು ಸತ್ತ ಮೇಲೂ ಜಜ್ಜಿದೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಊರು ತಣ್ಣಗಾದ ಮೇಲೆ ಬೀಜಗಳ್ಳರು ನಿಧಾನವಾಗಿ ನಡೆದು ಬಂದು ಹಗೇವು ಬಗೆದರು. ಓಡಬಾರದೆಂದು ಅವರಿಗೆ ಗೊತ್ತಿತ್ತಲ್ಲ.

ಉಳಿದವರು ಅಚ್ಚುನಾಯಿ ಬೆಳೆಸುವ ಗಡಿಗೆಗಳನ್ನು ಒಡೆದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎನ್ನಿ, ಒಪ್ಪುತ್ತೇನೆ. ಈಗ ನಮ್ಮಲ್ಲಿ ಮನೆ ಕಟ್ಟಿದವರು ಆಸರೆಕೊಟ್ಟಿಗೆಯಿಂದ ನಾಯಿ ತಂದ ಮೇಲೆಯೇ ಬಾಗಿಲು ಕೂಡಿಸುತ್ತಾರೆ. ಆರಿಸುವಂತಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಲ ಕಾದದ್ದನ್ನೇ ಕರೆತರಬೇಕು.

ನಿಮ್ಮ ಕಾಲದಲ್ಲಿ ಎತ್ತಿನ ಮೇಲೆ ಬಂದು ಮನೆತನದ ವಂಶ ಹೇಳುವ ಹೆಳವರು ಇದ್ದರಲ್ಲ, ನಮ್ಮಲ್ಲೂ ಇದ್ದಾರೆ. ಅವರು ಈಗ ನಾಯಿಯ ವಂಶವನ್ನೂ ಹೇಳುತ್ತಾರೆ. ಹೆಳವರ ದುರ್ಗಪ್ಪ ಈ ಸುಗ್ಗಿಗೆ ಬಂದು ಮೋಟಿಯ ತಾಯಿ, ಅದರ ತಾಯಿ ಎಂದು ಹಿಂದೆ ಹಿಂದೆ ಹೋಗಿ ನಿಮ್ಮ ಕಾಲದಲ್ಲಿ ನಿಂತ. "ಮೊದಲಿನ ತಾಯಿ ಆಸರಿಮನ್ಯಾಗ ಕುಂತಿತ್ತವ್ವ, ಮಗ್ಗಲಾಗ ಒಂದು ಹೆಣ್ಣಮರಿ. ಬಂದವರು ಮರಿ ಅಷ್ಟ ಎತಗೊಂಡು ಹೊಂಟಿದ್ರು. ತಾಯಿ ಹಾಲಿಲ್ಲದ ಅದು ಬದಕತಿದ್ದಿಲ್ಲ. ಏನನಿಸ್ತೋ ಏನೋ, ಹೊಳ್ಳಿ ಬಂದು ಎರಡನ್ನೂ ಕರಕೊಂಡು ಹೋದ್ರು" ಎಂದ. ಯಾವ ಊರು, ಯಾವ ಬಣ್ಣ ಎಂದು ಕೇಳಿದೆ. "ಊರು ಮರತೀವಿ ತಾಯಿ. ಬಣ್ಣ ನಮ್ಮಪ್ಪ ಕಂದು ಅಂತಿದ್ದ, ನಮ್ಮ ಕಾಕಾ ಕರೀದು ಅಂತಿದ್ದ" ಎಂದು ಕೈ ಚೆಲ್ಲಿದ.

ಆದ್ದರಿಂದ ಇಂಥದ್ದೇ ನಾಯಿ ತನ್ನಿ ಎಂದು ಬರೆಯಲು ನನ್ನಿಂದಾಗದು. ಸಾಂತವ್ವ ಈಗ ಅಂಗಳದಲ್ಲಿ ಆಡುಮರಿಯ ಹಿಂದೆ ಓಡುತ್ತಿದ್ದಾಳೆ, ಒಂಟಿಗಣ್ಣಿನ ಮೋಟಿ ಹೊಸ್ತಿಲಲ್ಲಿ ಮಲಗಿ ಅವಳನ್ನೇ ನೋಡುತ್ತಿದೆ. ಈ ಊರಿನಲ್ಲಿ ಓಡುವ ಮಗುವನ್ನು ನೋಡಿದರೆ ನನಗೆ ಅಳು ಬರುತ್ತದೆ. ಅವಳ ಜೀವ ನಿಮ್ಮ ಊರಿನ ಯಾವುದೋ ಆಸರೆಮನೆಯಲ್ಲಿ, ಯಾರಿಗೂ ಬೇಡವಾಗಿ, ಗೋಡೆಗೆ ಮುಖಮಾಡಿ ಕೂತಿದೆ. ಚೆಂದದ ಮರಿ ಬೇಕೆಂದು ನೀವು ಹೋಗುತ್ತೀರಿ, ಅದನ್ನು ದಾಟಿ ಬಾಗಿಲವರೆಗೆ ಬರುತ್ತೀರಿ. ಅದು ನಿಮ್ಮನ್ನು ಕರೆಯುವುದಿಲ್ಲ. ಹೊರಳಿ ಹೋಗಿ ಅದನ್ನೂ ಕರೆದುಕೊಂಡು ಬನ್ನಿ.

ಫಕೀರಪ್ಪನ ಹೆಂಡತಿ, ಸಾಂತವ್ವನ ತಾಯಿ
ಹುಲಿಗೆವ್ವ